ಬಿಚ್ಚಿದ ಮಾಲು ವಾಪಸ್ ಇಲ್ಲ

ಅರ್ಚನಾಳ ಹೊಟ್ಟೆಪಾಡು ನಡೆಯುತ್ತಿದ್ದದ್ದು ಬೇರೆಯವರ ಮೀಸೆಯ ಮೇಲೆ.

ಮೂಡಿಗೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವಳದೊಂದು ಶಟರಿನ ಅಂಗಡಿ. ಫ್ಲೆಕ್ಸು, ಲಗ್ನಪತ್ರಿಕೆ, ಸ್ಟಿಕ್ಕರು ಎಲ್ಲದರ ಡಿಸೈನೂ ಅಲ್ಲೇ. ಸುತ್ತಮುತ್ತ ಯಾರಿಗೆ ಮದುವೆಯಾಗಲಿ, ಯಾರು ತೀರಿಕೊಳ್ಳಲಿ, ಯಾರು ಯಾವ ಸಂಘಕ್ಕೆ ಅಧ್ಯಕ್ಷರಾಗಲಿ, ಅವರ ಮುಖವನ್ನು ಹಳೆಯ ಫೋಟೊದಿಂದ ಬಿಡಿಸಿ ತೆಗೆದು ಹೊಸ ಬಣ್ಣದ ಮೇಲೆ ಕೂರಿಸುವುದು ಅವಳ ಕೆಲಸ. ಬಿಡಿಸುವುದೆಂದರೆ ಮೌಸ್ ಹಿಡಿದು ಮುಖದ ಅಂಚಿನುದ್ದಕ್ಕೂ ಚುಕ್ಕಿ ಚುಕ್ಕಿಯಾಗಿ ಒತ್ತಿಕೊಂಡು ಹೋಗಬೇಕು. ಕೆನ್ನೆಗೆ ಹತ್ತು ಚುಕ್ಕಿ ಸಾಕು, ಕಿವಿಗೆ ಇಪ್ಪತ್ತು. ಮೀಸೆಗೆ ಮಾತ್ರ ಲೆಕ್ಕವಿಲ್ಲ. ಕಾಫಿ ಗಿಡದ ಮುಂದೆ ನಿಂತು, ಗಡ್ಡ ಬಿಟ್ಟುಕೊಂಡು, ಗಾಳಿಗೆ ಕೂದಲು ಹಾರಿಸಿಕೊಂಡು ಫೋಟೊ ತೆಗೆಸಿಕೊಂಡ ಗಂಡಸರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಎಲ್ಲಿ ಗಡ್ಡ ಮುಗಿಯಿತು, ಎಲ್ಲಿ ಗಿಡ ಶುರುವಾಯಿತು ಎಂದು ಆ ದೇವರೇ ಹೇಳಬೇಕು.

ಹೀಗೆ ಒಂಬತ್ತು ವರ್ಷ ಮೀಸೆ ಬಿಡಿಸಿದ ಮೇಲೆ ಬಲಗೈ ಸೆಟೆದು ನಿಂತಿತು. ಮೊದಲು ಮಣಿಕಟ್ಟಿನಲ್ಲಿ ಸಣ್ಣ ಉರಿ, ಆಮೇಲೆ ಬೆರಳುಗಳಲ್ಲಿ ಜೋಮು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕಾಫಿ ಲೋಟ ಕೈಯಿಂದ ಜಾರಿ ಯಾರದ್ದೋ ಉತ್ತರಕ್ರಿಯೆಯ ಕಾರ್ಡುಗಳ ಮೇಲೆ ಬಿತ್ತು. ಹೋದವರ ಮುಖದ ಮೇಲೆ ಕಾಫಿ ಚೆಲ್ಲಿದ್ದನ್ನು ಅವರ ಮನೆಯವರು ಶುಭವೋ ಅಶುಭವೋ ತಿಳಿಯದೆ ನೋಡುತ್ತ ನಿಂತರು.

ಡಾಕ್ಟರು ಅವಳ ಕೈಯನ್ನು ಮಡಚಿ, ತಟ್ಟಿ, ನರದ ಮೇಲೆ ಒತ್ತಡ ಬಿದ್ದಿದೆ ಅಂದರು. "ನೀವು ಹಿಡಿಯೋ ಮೌಸ್ ಮೊದಲು ಬದಲಾಯಿಸಿ. ಕೈಗೆ ಸರಿಯಾಗಿ ಕೂರೋದು ನೋಡಿ ತಗೊಳ್ಳಿ. ಹಸ್ತ ಬೋರಲು ಹಾಕಿ ಒತ್ತೋದಲ್ಲ, ಯಾರದ್ದೋ ಕೈ ಕುಲುಕ್ತೀರಲ್ಲ, ಹಾಗೆ ಓರೆಯಾಗಿ ಹಿಡಿಯೋದು ಬರುತ್ತೆ. ಇಲ್ಲಾ ಅಂದ್ರೆ ಮೂರು ತಿಂಗಳು ಕೈಗೆ ರಜೆ ಕೊಡಿ. ಎರಡೂ ಮಾಡಲ್ಲ ಅಂದ್ರೆ ಆಪರೇಷನ್ನಿಗೆ ಬರ್ತೀರಿ."

ಮೂರು ತಿಂಗಳು ಎಂದರೆ ಫೆಬ್ರವರಿಯಿಂದ ಏಪ್ರಿಲ್. ಮಲೆನಾಡಿನ ಮದುವೆಗಳೆಲ್ಲ ಆಗುವ ಕಾಲ. ಅವಳಿಗೆ ಬೇರೆ ವಿದ್ಯೆ ಗೊತ್ತಿಲ್ಲ, ಬೇರೆ ಕೈಯೂ ಇಲ್ಲ. ಆ ರಾತ್ರಿ ಅವಳಿಗೆ ನಿಜಕ್ಕೂ ಭಯವಾಯಿತು. ಬೆಳಗಾದ ಮೇಲೆ ಹಾಲೇಶನ ಅಂಗಡಿಗೆ ಹೋದಳು.

ಹಾಲೇಶನದು ಅವಳ ಅಂಗಡಿಯ ಎದುರಿಗೇ ಎರಡು ಶಟರು. ಎಡಗಡೆಯದರಲ್ಲಿ ಕಾಫಿ ಖರೀದಿ, ಬಲಗಡೆಯದರಲ್ಲಿ ಕಂಪ್ಯೂಟರ್ ಸಾಮಾನು. ಎರಡಕ್ಕೂ ನಡುವೆ ಒಂದು ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಹಾಲೇಶ. ಎಡಕ್ಕೆ ತಿರುಗಿದರೆ ಅವನು ಅನುಮಾನದ ಮನುಷ್ಯ. ಬೆಳೆಗಾರರು ತಂದ ಒಂದೊಂದು ಚೀಲಕ್ಕೂ ಚೂಪಾದ ಕಬ್ಬಿಣದ ಕೊಳವೆ ಚುಚ್ಚಿ, ಕಾಫಿಬೀಜವನ್ನು ತಟ್ಟೆಗೆ ಸುರಿದು, ಮೂಸಿ, ಹಲ್ಲಿನಲ್ಲಿ ಕಚ್ಚಿ, ಮುಖ ಹುಳ್ಳಗೆ ಮಾಡಿಕೊಂಡ ಮೇಲೆಯೇ ವ್ಯಾಪಾರ. ತಟ್ಟೆಗೆ ಬಂದ ಆ ಸ್ಯಾಂಪಲ್ ಮತ್ತೆ ಚೀಲಕ್ಕೆ ಹೋದದ್ದನ್ನು ಕಂಡವರಿಲ್ಲ. ಮೇಜಿನ ಕೆಳಗೊಂದು ದೊಡ್ಡ ಡಬ್ಬಿ ಇತ್ತು. ಹಾಲೇಶನ ಮನೆಯವರು ವರ್ಷವಿಡೀ ಕುಡಿಯುವ ಕಾಫಿ ಆ ಡಬ್ಬಿಯದೇ ಎಂದು ಇಡೀ ಮೂಡಿಗೆರೆಗೆ ಗೊತ್ತಿತ್ತು. ಅದೇ ಹಾಲೇಶ ಬಲಕ್ಕೆ ತಿರುಗಿದರೆ ಬೇರೆಯೇ ಮನುಷ್ಯ. ಅಲ್ಲಿ ಗಿರಾಕಿ ಯಾವುದನ್ನೂ ಮುಟ್ಟಿ ನೋಡುವ ಹಾಗಿರಲಿಲ್ಲ. ಗೋಡೆಯ ಮೇಲೆ ಅವನದೇ ಕೈಮುಗಿದ ಫೋಟೊ, ಅದರ ಕೆಳಗೆ ಕೆಂಪಕ್ಷರದ ಬೋರ್ಡು:

ಪ್ಯಾಕ್ ಬಿಚ್ಚಿದರೆ ಮಾಲು ನಿಮ್ಮದೇ.
ಬಿಚ್ಚಿದ ಮಾಲು ವಾಪಸ್ ಇಲ್ಲ.

ಆ ಬೋರ್ಡು ಮಾಡಿಕೊಟ್ಟವಳು ಅರ್ಚನಾಳೇ. ಅವನ ಮೀಸೆ ಬಿಡಿಸಲು ಒಂದು ಗಂಟೆ ಹಿಡಿದಿತ್ತು.

"ಹಾಲೇಶಣ್ಣ, ಓರೆಯಾಗಿ ಹಿಡಿಯೋ ಮೌಸ್ ಬರುತ್ತಂತಲ್ಲ. ಒಂದ್ಸಲ ಕೈಯಲ್ಲಿ ಹಿಡಿದು ನೋಡ್ಬಹುದಾ?"

"ಹಿಡಿಯೋದು ಎಂತ ಇದೆ ಮಾರಾಯ್ತಿ? ಪ್ಯಾಕಿನ ಮೇಲೇ ಚಿತ್ರ ಇದೆಯಲ್ಲ. ಕಂಪನಿಯವ್ರು ನಿನಗಿಂತ ಬುದ್ಧಿವಂತರು."

ಅರ್ಚನಾ ಚಿತ್ರ ನೋಡಿಯೇ ಕೊಂಡಳು. ಅಂಗಡಿಗೆ ತಂದು, ಪ್ಯಾಕ್ ಬಿಚ್ಚಿ, ಬಲಗೈಯನ್ನು ಅದರ ಮೇಲೆ ಇಟ್ಟಳು. ಹೆಬ್ಬೆರಳಿಗೆ ಮಾಡಿದ ತಗ್ಗು ಕಿರುಬೆರಳಿನ ಕಡೆಗಿತ್ತು. ತಿರುಗಿಸಿ ಇಟ್ಟಳು, ಮೌಸಿನ ಬಾಲ ಅವಳ ಹೊಟ್ಟೆಯ ಕಡೆ ಬಂತು. ಆಮೇಲೆ ಎಡಗೈ ಇಟ್ಟು ನೋಡಿದಳು, ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅದು ಎಡಚರ ಮೌಸು.

ವಾಪಸ್ ತೆಗೆದುಕೊಂಡು ಹೋದಾಗ ಹಾಲೇಶ ಕುರ್ಚಿಯಲ್ಲಿ ಕೂತಲ್ಲಿಂದಲೇ ಬೋರ್ಡಿನ ಕಡೆ ಕೈ ತೋರಿಸಿದ. ಅವಳು ತಾನೇ ಆರಿಸಿದ ಕೆಂಪು ಬಣ್ಣವನ್ನೂ ತಾನೇ ದಪ್ಪ ಮಾಡಿದ ಅಕ್ಷರಗಳನ್ನೂ ಓದಿಕೊಂಡು, ಒಂದು ಮಾತೂ ಆಡದೆ ರಸ್ತೆ ದಾಟಿದಳು. ಅರ್ಚನಾಳ ಸ್ವಭಾವವೇ ಅಂಥದ್ದು. ಪರದೆಯ ಮೇಲೆ ಎಂಥಾ ದೊಡ್ಡ ಮನುಷ್ಯನ ಕಿವಿಯನ್ನಾದರೂ ಕತ್ತರಿಸಿ ಎಸೆದಾಳು. ಎದುರಿಗೆ ನಿಂತವನಿಗೆ ನೀನು ಮಾಡಿದ್ದು ತಪ್ಪು ಅನ್ನಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಸಂಜೆ ಬಾಳೂರಿನ ಮನೆ ತಲುಪಿದಾಗ ಅವಳ ತಾಯಿ ದೇವೀರಮ್ಮ ಉಪ್ಪಿನಕಾಯಿ ಜಾಡಿಯನ್ನು ಮುಂದಿಟ್ಟು ಕಾಯುತ್ತಿದ್ದಳು. ಮೂವತ್ತು ವರ್ಷ ತೋಟದ ಕೆಲಸ ಮಾಡಿ, ಎರಡು ವರ್ಷದ ಹಿಂದೆ ಬಿಟ್ಟಿದ್ದ ಹೆಂಗಸು. ಅವಳ ಬಲಗೈಯ ಕೊನೆಯ ಎರಡು ಬೆರಳು ನೆಟ್ಟಗಾಗುತ್ತಿರಲಿಲ್ಲ. ಯಾವಾಗಲೂ ಏನನ್ನೋ ಹಿಡಿದುಕೊಂಡಂತೆ ಒಳಕ್ಕೆ ಮಡಚಿಕೊಂಡೇ ಇರುತ್ತಿದ್ದವು. ಜಾಡಿಯ ಮುಚ್ಚಳ ತೆಗೆಯುವುದು ಮಗಳ ಕೆಲಸವಾಗಿತ್ತು. ಅಂದು ಮಗಳ ಕೈಯಲ್ಲೂ ಆಗಲಿಲ್ಲ. ಇಬ್ಬರೂ ಸೇರಿ, ಒಬ್ಬಳು ಜಾಡಿ ಹಿಡಿದು ಒಬ್ಬಳು ಮುಚ್ಚಳ ತಿರುಗಿಸಿ, ಕೊನೆಗೆ ಉಪ್ಪಿನಕಾಯಿಯ ಆಸೆ ಬಿಟ್ಟು ಮಜ್ಜಿಗೆಯಲ್ಲಿ ಉಂಡರು.

ಊಟದ ನಡುವೆ ಎಡಗೈ ಮೌಸಿನ ಕಥೆ ಹೊರಗೆ ಬಂತು.

"ಬದಲಾಯಿಸಿಕೊಡಿ ಅಂತ ಕೇಳಿದ್ಯಾ?" ಅಂದಳು ದೇವೀರಮ್ಮ.

"ಬೋರ್ಡ್ ಇದೆಯಲ್ಲಮ್ಮ."

"ಬೋರ್ಡ್ ಕೇಳ್ಲಿಲ್ಲ ನಾನು. ಬಾಯಿಬಿಟ್ಟು ಕೇಳಿದ್ಯಾ ಇಲ್ವಾ?"

ಅರ್ಚನಾ ತಟ್ಟೆ ನೋಡಿದಳು. ದೇವೀರಮ್ಮ ತನ್ನ ಮಡಚಿದ ಬೆರಳುಗಳನ್ನು ದೀಪದ ಬೆಳಕಿಗೆ ಹಿಡಿದಳು.

"ಇದು ವಯಸ್ಸಿಗೆ ಆಗಿದ್ದಲ್ಲ. ಕಳೆ ಹೊಡೆಯೋ ಕತ್ತಿಯಿಂದ ಆಗಿದ್ದು. ತೋಟದ ಲೆಕ್ಕ ಬರೆಯೋ ರೈಟ್ರು ಶೆಡ್ಡಿನ ಬಾಗಿಲಲ್ಲಿ ನಿಂತು ಸಾಲಾಗಿ ಕೊಡ್ತಾ ಹೋಗ್ತಿದ್ರು, ಯಾವ ಕೈಗೆ ಯಾವುದು ಬಂತೋ ಅದು. ನಂಗೆ ಬಂದಿದ್ದು ಯಾರೋ ಭಾರೀ ಗಂಡಾಳಿನ ಕತ್ತಿ, ಹಿಡಿ ನೋಡಿದ್ರೆ ಒನಕೆ ಗಾತ್ರ. ಜಾರಬಾರ್ದು ಅಂತ ಬಿಗಿ ಹಿಡಿದು ಹಿಡಿದು ಬೆರಳು ಹಿಂಗೇ ನಿಂತ್ವು. ಬೇರೆ ಕೊಡಿ ಅಂತ ಒಂದು ಮಾತು ಕೇಳಿದ್ರೆ ಆಗ್ತಿತ್ತು. ಹತ್ತು ವರ್ಷ ಕೇಳ್ಲಿಲ್ಲ ನಾನು. ಈಗ ನೀನೂ ಕೇಳ್ಬೇಡ, ಇಬ್ರೂ ಸೇರಿ ಮಜ್ಜಿಗೆ ಕುಡ್ಕೊಂಡಿರೋಣ."

ಅರ್ಚನಾಳಿಗೆ ಅನ್ನ ಸೇರಲಿಲ್ಲ. ಅಮ್ಮನ ಆ ಬೆರಳುಗಳನ್ನು ಎಷ್ಟೋ ವರ್ಷದಿಂದ ನೋಡಿದ್ದಳು, ಒಮ್ಮೆಯೂ ಯಾಕೆ ಹೀಗೆ ಎಂದು ಕೇಳಿರಲಿಲ್ಲ. ಅದಕ್ಕೆ ಅವಳಿಗೆ ನಾಚಿಕೆಯಾಯಿತು.

ಮಾರನೆಯ ದಿನ ದೇವೀರಮ್ಮ ಮಗಳ ಜೊತೆಗೇ ಬಸ್ ಹತ್ತಿದಳು, ಹಾಲೇಶನನ್ನು ತಾನೇ ವಿಚಾರಿಸಿಕೊಳ್ಳುತ್ತೇನೆ ಎಂದು. ಆದರೆ ಅಂಗಡಿಯ ಶಟರು ಎತ್ತುವ ಹೊತ್ತಿಗೆ ಬಾಗಿಲಲ್ಲಿ ತುಂಗಮ್ಮನವರ ಜೀಪು ನಿಂತಿತ್ತು. ಬಾಳೂರಿನ ಕಡೆ ಮೂವತ್ತು ಎಕರೆ ತೋಟದ ಒಡತಿ ಅವರು. ಅರವತ್ತೈದು ವಯಸ್ಸು, ಜೀಪು ತಾವೇ ಓಡಿಸುತ್ತಾರೆ. ಎದುರಿಗೆ ಬಸ್ಸು ಬಂದರೆ ಬಸ್ಸೇ ಹಿಂದಕ್ಕೆ ಹೋಗಬೇಕು. ದೇವೀರಮ್ಮ ಅಷ್ಟು ವರ್ಷ ಕೆಲಸ ಮಾಡಿದ್ದೂ ಅವರ ತೋಟದಲ್ಲೇ.

ತುಂಗಮ್ಮ ಒಂದು ಫೋಟೊ ತೆಗೆದು ಮೇಜಿನ ಮೇಲಿಟ್ಟರು. "ಮೊಮ್ಮಗಳ ನಾಮಕರಣಕ್ಕೆ ಫ್ಲೆಕ್ಸ್ ಆಗ್ಬೇಕು ಅರ್ಚನಾ. ಎಲ್ರೂ ಇರ್ಲಿ. ನನ್ನ ಪಕ್ಕದಲ್ಲಿ ನಿಂತವಳನ್ನ ಮಾತ್ರ ತೆಗಿ."

"ಇವ್ರು ನಿಮ್ಮ ವಾರಗಿತ್ತಿ ಅಲ್ವಾ ಅಮ್ಮ?"

"ಅದಕ್ಕೇ ತೆಗಿ ಅಂದಿದ್ದು."

ವಾರಗಿತ್ತಿಯ ಕೈ ತುಂಗಮ್ಮನವರ ಹೆಗಲನ್ನು ಬಳಸಿಕೊಂಡಿತ್ತು. ಜರಿ ಸೀರೆ, ಸರ, ಜಡೆ, ಹೂವು ಎಲ್ಲ ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಅರ್ಚನಾ ಅದನ್ನು ನೋಡಿ, ತನ್ನ ಮಣಿಕಟ್ಟನ್ನು ನೋಡಿಕೊಂಡು, ಆಗುವುದಿಲ್ಲ ಎಂದು ತಲೆಯಾಡಿಸಿದಳು. ಯಾಕೆ ಎಂದು ತುಂಗಮ್ಮ ಕೇಳಿದರು. ಅವಳು ಹೇಳುವ ಮೊದಲೇ ದೇವೀರಮ್ಮ ಎಲ್ಲವನ್ನೂ ಹೇಳಿದಳು. ಡಾಕ್ಟರನ್ನೂ ಎಡಚರ ಮೌಸನ್ನೂ ಬೋರ್ಡನ್ನೂ ಒಂದೂ ಬಿಡದೆ.

ತುಂಗಮ್ಮ ರಸ್ತೆಯಾಚೆ ನೋಡಿದರು. ಹಾಲೇಶ ಆಗಲೇ ಯಾರದೋ ಚೀಲಕ್ಕೆ ಕೊಳವೆ ಚುಚ್ಚುತ್ತಿದ್ದ.

"ನಂಗೂ ದಿನಾ ಫೋನ್ ಮಾಡ್ತಾನೆ ಅವ, ನಿಮ್ಮ ಕಾಫಿ ನಂಗೇ ಕೊಡಿ ಅಂತ. ಇವತ್ತು ಬರ್ಲಾ ನಾಳೆ ಬರ್ಲಾ ಅಂತ ಜೀವ ತಿಂತಾನೆ. ಈ ವರ್ಷ ಕಾಫಿ ಇಟ್ಕೊಂಡವ್ರಿಗೆ ಅಷ್ಟು ಮರ್ಯಾದೆ."

ಆಗ ಅರ್ಚನಾಳಿಗೆ ಒಂದು ಯೋಚನೆ ಬಂತು. ಎದುರಿಗೆ ನಿಂತು ಜಗಳ ಆಡಲು ಬಾರದವರಿಗೆ ಬರುವಂಥ ಯೋಚನೆ. ಬಾಯಲ್ಲಿ ಹೇಳಲಾಗದ್ದನ್ನು ಅವಳು ಅಕ್ಷರದಲ್ಲಿ ಹೇಳಬಲ್ಲಳು, ಬೇಕಾದ ಬಣ್ಣದಲ್ಲಿ, ಬೇಕಾದ ಗಾತ್ರದಲ್ಲಿ.

"ಅಮ್ಮ, ನಿಮ್ಮ ಕಾಫಿ ಚೀಲಕ್ಕೆ ನಾನೊಂದು ಸ್ಟಿಕ್ಕರ್ ಮಾಡಿಕೊಡ್ಲಾ? ಹಾಲೇಶಣ್ಣನ ಬೋರ್ಡಿನ ಫೈಲ್ ನನ್ನ ಹತ್ರಾನೇ ಇದೆ. ಎರಡ್ಮೂರು ಶಬ್ದ ಬದಲಾಯಿಸಿದ್ರೆ ಆಯ್ತು, ಹೊಸ ಮೀಸೆ ಬಿಡಿಸೋ ಕೆಲಸಾನೂ ಇಲ್ಲ."

ತುಂಗಮ್ಮನವರಿಗೆ ವಿಷಯ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿಯಲ್ಲಿ ಕೂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು. ನಗು ನಿಂತ ಮೇಲೆ, "ಗುರುವಾರ ಹನ್ನೆರಡು ಚೀಲ ತರ್ತೀನಿ" ಅಂದರು.

ಗುರುವಾರ ಹತ್ತು ಗಂಟೆಗೆ ಜೀಪು ಹಾಲೇಶನ ಮುಂದೆ ಬಂದು ನಿಂತಿತು. ಸಂತೆಗೆ ಬಂದವರು, ಕಾಫಿ ರೇಟು ಕೇಳಲು ಬಂದವರು ಎಂಟು ಹತ್ತು ಜನ ಜಗಲಿಯ ಮೇಲಿದ್ದರು. ಅರ್ಚನಾ ಮತ್ತು ದೇವೀರಮ್ಮ ತಮಗೇನೂ ಸಂಬಂಧವಿಲ್ಲದವರಂತೆ ರಸ್ತೆ ದಾಟಿ ಬಂದು ಕಂಬಕ್ಕೆ ಒರಗಿ ನಿಂತರು.

ಹಾಲೇಶ ಕುರ್ಚಿಯಿಂದ ಎದ್ದೇ ಬಿಟ್ಟ. "ಎಂತ ಅಮ್ಮಾವ್ರೇ, ನೀವೇ ತಂದ್ರಾ? ಒಂದು ಫೋನ್ ಮಾಡಿದ್ರೆ ನಾನೇ ಗಾಡಿ ಕಳಿಸ್ತಿದ್ನಲ್ಲ."

ಚೀಲಗಳು ಇಳಿದವು. ಪ್ರತಿ ಚೀಲದ ಬಾಯಿಯ ಹತ್ತಿರ ಅಂಗೈಯಗಲದ ಸ್ಟಿಕ್ಕರು, ಸ್ಟಿಕ್ಕರಿನಲ್ಲಿ ಕೈಮುಗಿದು ನಗುತ್ತಿರುವ ಹಾಲೇಶ. ತನ್ನ ಮುಖವನ್ನು ಹನ್ನೆರಡು ಸಲ ಒಟ್ಟಿಗೆ ಕಂಡ ಮನುಷ್ಯ ಅದರ ಕೆಳಗೆ ಏನು ಬರೆದಿದೆ ಎಂದು ಓದುತ್ತಾನೆಯೇ? ತುಂಗಮ್ಮ ತನ್ನ ಮೇಲಿನ ಅಭಿಮಾನಕ್ಕೆ ಹಾಕಿಸಿದ್ದಾರೆಂದು ಅವನು ತಿಳಿದ. "ಅಯ್ಯೋ, ಇದೆಲ್ಲ ಯಾಕೆ ಅಮ್ಮಾವ್ರೇ" ಎಂದು ನಾಚಿಕೊಳ್ಳುತ್ತಲೇ ಕೊಳವೆ ತೆಗೆದುಕೊಂಡು ಮೊದಲನೆಯ ಚೀಲಕ್ಕೆ ಚುಚ್ಚಿದ. ಎರಡನೆಯದಕ್ಕೆ ಚುಚ್ಚಿದ. ಮೂರನೆಯದಕ್ಕೆ ಚುಚ್ಚಿ, ಒಂದು ಬೀಜ ಕಚ್ಚಿ, ಅಭ್ಯಾಸದಂತೆ ಮುಖ ಹುಳ್ಳಗೆ ಮಾಡಿಕೊಂಡು, "ಸ್ವಲ್ಪ ಹಸಿ ಇದೆಯೇನೋ" ಅಂದ.

"ಇರ್ಲಿ ಬಿಡು," ಅಂದರು ತುಂಗಮ್ಮ. "ಈಗದು ನಿಂದೇ ಆಯ್ತಲ್ಲ. ನೀನೇ ಒಣಗಿಸ್ಕೋ."

"ಎಂತ ಅಂದ್ರಿ?"

"ನಿನ್ನ ಫೋಟೊ ಕೆಳಗೆ ಓದು. ಜೋರಾಗಿ ಓದು, ಇವ್ರೂ ಕೇಳ್ಲಿ."

ಹಾಲೇಶ ಬಗ್ಗಿ ಓದಿದ. ಅವನ ದನಿ ಮೊದಲ ಸಾಲಿನಲ್ಲಿ ಇದ್ದಷ್ಟು ಎರಡನೆಯದರಲ್ಲಿ ಇರಲಿಲ್ಲ. "ಚೀಲ ಚುಚ್ಚಿದರೆ ಮಾಲು ನಿಮ್ಮದೇ. ಚುಚ್ಚಿದ ಮಾಲು ವಾಪಸ್ ಇಲ್ಲ."

ಜಗಲಿಯ ಮೇಲಿದ್ದವರಲ್ಲಿ ಒಬ್ಬರು ಕೆಮ್ಮಿದರು. ಆ ಕೆಮ್ಮು ಒಬ್ಬರಿಂದೊಬ್ಬರಿಗೆ ಹಬ್ಬಿ, ಕೊನೆಯವರನ್ನು ಮುಟ್ಟುವಾಗ ನಗುವಾಗಿತ್ತು.

"ಇದು ಎಂತ ನ್ಯಾಯ ಅಮ್ಮಾವ್ರೇ," ಅಂದ ಹಾಲೇಶ, "ಒಳಗೆ ಎಂತ ಇದೆ ಅಂತ ತೆಗೆದು, ಕೈಯಲ್ಲಿ ಹಿಡಿದು ನೋಡ್ದೆ ಮನುಷ್ಯ ಹೆಂಗೆ ಮಾಲು ತಗೊಳ್ಳೋದು?"

ತುಂಗಮ್ಮ ಅರ್ಚನಾಳ ಕಡೆ ತಿರುಗಿದರು. ದೇವೀರಮ್ಮನೂ ತಿರುಗಿದಳು. ಜಗಲಿಯವರೆಲ್ಲ ತಿರುಗಿದರು. ಸ್ಟಿಕ್ಕರಿನ ಕೆಲಸ ಅಲ್ಲಿಗೆ ಮುಗಿದಿತ್ತು, ಇನ್ನು ಬಾಯಿಯೇ ಬೇಕಾಗಿತ್ತು. ಅರ್ಚನಾ ಎಂದಿನಂತೆ ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಆಗ ಅಮ್ಮನ ಮಡಚಿದ ಬೆರಳು ಅವಳ ಬೆನ್ನಿಗೆ ಒತ್ತಿದ್ದು ತಿಳಿಯಿತು.

"ನಂದೂ ಅದೇ ಮಾತು ಹಾಲೇಶಣ್ಣ," ಅಂದಳು. ದನಿ ಮೊದಲು ನಡುಗಿತು, ಆಮೇಲೆ ನೆಟ್ಟಗಾಯಿತು. "ಮೌಸ್ ಇರೋದು ದಿನಾ ಎಂಟು ಗಂಟೆ ಹಿಡಿಯೋಕೆ. ಚಿತ್ರ ನೋಡಿ ಅದು ಕೈಗೆ ಕೂರುತ್ತಾ ಅಂತ ಹೇಳೋಕಾಗಲ್ಲ. ನಿಮ್ಮ ಹತ್ರ ಇರೋದೆಲ್ಲ ಬಿಚ್ಚಿ, ನಾನು ಹಿಡಿದು ನೋಡ್ಬೇಕು. ಸರಿಯಾಗಿದ್ದನ್ನ ಬದಲಿಗೆ ಕೊಡ್ಬೇಕು. ನನ್ನ ಕೈ ಹೋದ್ರೆ ನಂಗೆ ಬೇರೆ ಕೆಲಸ ಗೊತ್ತಿಲ್ಲ."

ಹಾಲೇಶ ಹನ್ನೆರಡು ಚೀಲಗಳನ್ನು ನೋಡಿದ, ಜಗಲಿಯವರನ್ನು ನೋಡಿದ. ಗೋಡೆಯ ಮೇಲಿನ ತನ್ನ ಫೋಟೊ ನೋಡಿದ; ಅದು ಅವನಿಗೇ ಕೈಮುಗಿಯುತ್ತಿತ್ತು. "ಬಿಚ್ಚು ಮಾರಾಯ್ತಿ," ಅಂದ.

ಏಳು ಪ್ಯಾಕುಗಳು ಹೊರಗೆ ಬಂದವು. ಮೇಜು ಸಾಲದೆ ಕಾಫಿ ಚೀಲದ ಮೇಲೆಯೇ ಒಂದು ಹಲಗೆ ಇಟ್ಟು ಸಾಲಾಗಿ ಜೋಡಿಸಿದರು. ದೇವೀರಮ್ಮ ಕಂಪ್ಯೂಟರನ್ನು ಜನ್ಮದಲ್ಲಿ ಮುಟ್ಟಿದವಳಲ್ಲ. ಆದರೂ ಪರೀಕ್ಷೆಯ ಯಜಮಾನಿಕೆ ಅವಳದೇ ಆಯಿತು, ಯಾರೂ ಬೇಡ ಅನ್ನಲಿಲ್ಲ.

ಮೊದಲನೆಯದಕ್ಕೆ ಬಣ್ಣಬಣ್ಣದ ಲೈಟು. "ದೀಪಾವಳಿಗೆ ಇಟ್ಕೊಳ್ಳಿ," ಅಂದಳು. ಎರಡನೆಯದು ಚಪ್ಪಟೆ, ಅಂಗೈ ಆಸರೆಯಿಲ್ಲದೆ ಮೇಲೆ ನಿಂತು ಮಣಿಕಟ್ಟು ಹಲಗೆಗೆ ಒತ್ತುತ್ತಿತ್ತು. "ನೋವಿರೋ ಕಡೆಗೇ ಭಾರ ಹಾಕೋದು ಯಾವ ಬುದ್ಧಿ?" ಮೂರನೆಯದು ತೀರಾ ಪುಟ್ಟದು, ಹಿಡಿದರೆ ಬೆರಳೆಲ್ಲ ಒಳಕ್ಕೆ. ನಾಲ್ಕನೆಯದರ ಪಕ್ಕದಲ್ಲಿ ಹೆಬ್ಬೆರಳಿನಿಂದ ಉರುಳಿಸುವ ಗುಂಡು ಇತ್ತು. ಮೌಸು ನಿಂತಲ್ಲೇ ನಿಂತು ಗುಂಡು ಮಾತ್ರ ತಿರುಗಬೇಕು. ದೇವೀರಮ್ಮ ಅದನ್ನು ಎರಡು ಸಲ ಉರುಳಿಸಿ ನೋಡಿದಳು. "ಮನೆ ಕೆಲಸ ಎಲ್ಲಾ ಒಬ್ಬಳೇ ಸೊಸೆ ಮೇಲೆ ಹಾಕಿದ ಹಾಗಾಯ್ತು. ನಾಲ್ಕು ಬೆರಳು ಕೂತ್ಕೊಂಡು ತಿನ್ನೋದಾ?"

ಐದನೆಯದು ಡಾಕ್ಟರು ಹೇಳಿದ ಓರೆಯ ಮೌಸು, ಬಲಗೈಯದೇ. ಹಾಲೇಶ ಖುಷಿಯಾಗಿ, "ಇದೇ ನೋಡು, ಇದ್ರಲ್ಲೇ ದೊಡ್ಡದು" ಅಂದ. ಅರ್ಚನಾ ಹಿಡಿದಳು. ಕೈ ಕುಲುಕಿದಂತೆ ಓರೆಯಾಗಿ ನಿಂತಿತು, ಅದು ಸರಿ. ಆದರೆ ಬೆರಳ ತುದಿ ಗುಂಡಿಯವರೆಗೆ ಹೋಗುತ್ತಿರಲಿಲ್ಲ. ಜಾರದಿರಲು ಕಿರುಬೆರಳು ಉಂಗುರ ಬೆರಳು ಎರಡನ್ನೂ ಬಿಗಿ ಹಿಡಿಯಬೇಕಾಗಿತ್ತು. ದೇವೀರಮ್ಮ ಆ ಎರಡು ಬೆರಳುಗಳನ್ನೇ ನೋಡುತ್ತಿದ್ದಳು. ಈ ಸಲ ತಮಾಷೆ ಮಾಡಲಿಲ್ಲ. ಮಗಳ ಕೈಯಿಂದ ಅದನ್ನು ಬಿಡಿಸಿ ದೂರ ಇಟ್ಟಳು.

"ಇದು ಬೇಡ," ಅಂದಳು.

ಆರನೆಯದೂ ಓರೆಯದೇ, ಒಂದು ಅಳತೆ ಚಿಕ್ಕದು. ದೇವೀರಮ್ಮ ಮಗಳಿಗೆ ಕಣ್ಣು ಮುಚ್ಚಲು ಹೇಳಿದಳು. ಮೊಣಕೈ ಪಕ್ಕೆಗೆ ಸೇರಿಸಿಕೊಂಡು, ಹೆಗಲು ಇಳಿಬಿಟ್ಟು, ಮೌಸನ್ನು ಸುಮ್ಮನೆ ಹಿಡಿದಿರಬೇಕು. ಆಮೇಲೆ ದೇವೀರಮ್ಮ ಏನೇನೋ ಮಾತು ತೆಗೆದಳು. ಕಳಸದ ಬಸ್ಸು ಯಾಕೆ ತಡ, ಈ ಸಲ ಹಲಸು ಎಷ್ಟು ಬಿಟ್ಟಿದೆ. ಒಳಗಿನಿಂದ ಎಲ್ಲರಿಗೂ ಕಾಫಿ ಬಂತು. ತುಂಗಮ್ಮ ಒಂದು ಗುಟುಕು ಕುಡಿದು, "ನಮ್ಮ ತೋಟದ ಹೋದ ವರ್ಷದ ಪಾರ್ಚ್‌ಮೆಂಟ್ ಕಾಫಿಯ ರುಚಿ ಇದ್ದಂಗಿದೆಯಲ್ಲ ಹಾಲೇಶ" ಅಂದರು. ಹಾಲೇಶನ ಕಾಲು ತಾನಾಗಿಯೇ ಮೇಜಿನ ಕೆಳಗಿನ ಡಬ್ಬಿಯನ್ನು ಹಿಂದಕ್ಕೆ ತಳ್ಳಿತು. ಅರ್ಚನಾ ಎಡಗೈಯಲ್ಲಿ ಕಾಫಿ ಕುಡಿದು, ಹಲಸಿನ ಮಾತಿಗೆ ನಕ್ಕು, ಉತ್ತರ ಕೊಡುತ್ತಿದ್ದಳು.

"ಬಲಗೈಯಲ್ಲಿ ಎಂತ ಇದೆ ನಿಂಗೆ?" ಅಂದಳು ದೇವೀರಮ್ಮ ನಡುವೆ.

ಅರ್ಚನಾ ಕಣ್ಣು ಬಿಟ್ಟು ನೋಡಿದಳು. ತಾನು ಮೌಸು ಹಿಡಿದಿದ್ದೇನೆ ಎನ್ನುವುದೇ ಮರೆತುಹೋಗಿತ್ತು.

"ಇದೇ," ಅಂದಳು ದೇವೀರಮ್ಮ. "ಕೈಗೆ ಸರಿಯಾದ್ದು ಹಿಡಿದ್ರೆ ಕೈಗೆ ಅದರ ನೆನಪೇ ಇರ್ಬಾರ್ದು. ಏಳನೇದು ನೋಡೋದು ಬೇಡ."

ಹಾಲೇಶನಿಗೂ ಸಮಾಧಾನವಾಯಿತು. ಚುಚ್ಚಿ ತೆಗೆದ ಕಾಫಿಯನ್ನು ಮೂರು ಚೀಲಕ್ಕೂ ಅವನೇ ಕೈಯಾರೆ ವಾಪಸ್ ಸುರಿದ. ಅಂಥದ್ದನ್ನು ಕಣ್ಣಾರೆ ಕಂಡೆವು ಎಂದು ಜಗಲಿಯವರು ಆ ವಾರವೆಲ್ಲ ಹೇಳಿಕೊಂಡು ತಿರುಗಿದರು. ತುಂಗಮ್ಮನವರೂ ಹೆಚ್ಚು ಹಟ ಮಾಡದೆ ವ್ಯಾಪಾರಕ್ಕೆ ಒಪ್ಪಿದರು. ಎಲ್ಲ ಮುಗಿಯಿತು ಎನ್ನುವಾಗ ಹಾಲೇಶ ಅರ್ಚನಾಳ ಕಡೆ ಕೈ ಚಾಚಿದ.

"ಬದಲಿ ಕೊಟ್ಟೆನಲ್ಲ. ಆ ಎಡಗೈದು ವಾಪಸ್ ಕೊಡು."

ಅರ್ಚನಾ ಚೀಲದೊಳಗೆ ಕೈ ಹಾಕಿ ಅದನ್ನು ಹೊರಗೆ ತೆಗೆದಳು. ಕೊಟ್ಟೂ ಬಿಡುತ್ತಿದ್ದಳು. ಆದರೆ ಒಂದು ಸಲ ಬಾಯಿ ಬಂದ ಮೇಲೆ ಅದರ ರುಚಿ ಬೇರೆ.

"ಹಾಲೇಶಣ್ಣ," ಅಂದಳು ಮೆತ್ತಗೆ, ಗೋಡೆಯ ಕಡೆ ಕೈ ತೋರಿಸಿ, "ಬಿಚ್ಚಿದ ಮಾಲು ವಾಪಸ್ ಇಲ್ಲ."

ಈ ಸಲ ಯಾರೂ ಕೆಮ್ಮುವ ತಂಟೆಗೆ ಹೋಗಲಿಲ್ಲ, ನೇರವಾಗಿ ನಕ್ಕರು. ದೇವೀರಮ್ಮ ಎಡಚರ ಮೌಸನ್ನು ಮಗಳ ಕೈಯಿಂದ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕಾಫಿ ಹಣ್ಣು ಕೀಳೋಳಿಗೆ ಎರಡು ಕೈಯೂ ಬರ್ಬೇಕು. ಒಂದೇ ಕೈ ನಂಬಿದವಳು ಮಧ್ಯಾಹ್ನದೊಳಗೆ ಕೂತ್ಬಿಡ್ತಾಳೆ. ಬೆಳಿಗ್ಗೆ ಎಡಗೈಲಿ ಮಾಡು, ಮಧ್ಯಾಹ್ನ ಬಲಗೈಲಿ. ಕಲಿತ್ರೆ ಬರುತ್ತೆ."

ತುಂಗಮ್ಮ ಜೀಪು ಹತ್ತುತ್ತ, ಇನ್ನೂ ನಗುತ್ತಲೇ ಇದ್ದರು. "ಭಾರೀ ಹೆಂಗಸು ನೀನು ದೇವೀರಿ. ಹಿಡಿದು ಆರಿಸೋದು ಇಷ್ಟು ಚೆಂದ ಎಲ್ಲಿ ಕಲಿತೆ?"

"ಆರಿಸಿ ಕಲಿತಿದ್ದಲ್ಲಮ್ಮ. ಆರಿಸೋಕೆ ಬಿಡದೆ ಇದ್ದಿದ್ದಕ್ಕೆ ಗೊತ್ತಾಗಿದ್ದು." ದೇವೀರಮ್ಮ ತನ್ನ ಕೈ ತೋರಿಸಿದಳು. ದೂರುವ ದನಿಯಲ್ಲಿ ಹೇಳಲಿಲ್ಲ, ಹಲಸಿನ ಮಾತಾಡಿದ ಹಾಗೆಯೇ ಹೇಳಿದಳು. "ಕಳೆ ಕತ್ತಿ, ಹಿಡಿ ದಪ್ಪ. ಹತ್ತು ವರ್ಷ ಅದನ್ನೇ ಹಿಡಿದೆ."

"ಯಾರ ತೋಟದಲ್ಲಿ?"

"ಇನ್ಯಾರದ್ದು ಅಮ್ಮ, ನಿಮ್ದೇ."

ತುಂಗಮ್ಮನವರ ನಗು ನಿಂತಿತು. ಆ ಕೈಯಿಂದ ಅವರು ಎಷ್ಟು ಸಲ ಹಣ್ಣಿನ ಬುಟ್ಟಿ ಇಳಿಸಿಕೊಂಡಿದ್ದರೋ, ಬೆರಳು ಮಾತ್ರ ಎಂದೂ ನೋಡಿರಲಿಲ್ಲ. ಜೀಪು ಸ್ಟಾರ್ಟ್ ಮಾಡಿಕೊಂಡು ಹೊರಟರು. ತಿರುವಿನಲ್ಲಿ ಬಸ್ಸು ಎದುರಾಯಿತು. ಅವತ್ತು ಹಿಂದಕ್ಕೆ ಹೋದದ್ದು ಜೀಪು.

ಬೇಸಿಗೆಯುದ್ದಕ್ಕೂ ಅರ್ಚನಾ ಎರಡು ಕೈಯ ಕೆಲಸ ಕಲಿತಳು. ಎಡಗೈ ಮೊದಮೊದಲು ಶಾಲೆಗೆ ಹೊಸದಾಗಿ ಸೇರಿದ ಮಗುವಿನಂತೆ ಅತ್ತಿತ್ತ ಓಡುತ್ತಿತ್ತು. ಅದು ಮಾಡಿದ ಮೊದಲ ದೊಡ್ಡ ಕೆಲಸ ತುಂಗಮ್ಮನವರ ಫ್ಲೆಕ್ಸು. ವಾರಗಿತ್ತಿಯನ್ನು ತೆಗೆದದ್ದೇನೋ ಸರಿಯಾಗಿಯೇ ಇತ್ತು, ಹೆಗಲ ಮೇಲಿನ ನಾಲ್ಕು ಬೆರಳು ಮಾತ್ರ ಉಳಿದುಬಿಟ್ಟವು. ನಾಮಕರಣಕ್ಕೆ ಬಂದವರೆಲ್ಲ ಈ ಕೈ ಯಾರದು ಎಂದು ಕೇಳಿದರಂತೆ. ವಾರಗಿತ್ತಿ ತನ್ನ ಉಂಗುರ ಗುರುತಿಸಿ ಅಲ್ಲೇ ರಂಪ ಮಾಡಿದಳಂತೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಜೋಮು ಇಳಿದಿತ್ತು. ಒಂದು ಸಂಜೆ ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಲಗೈಗೆ ತಿರುಗಿತು. ಅರ್ಚನಾಳಿಗೆ ಕಣ್ಣು ತುಂಬಿ ಬಂತು. ಖಾರಕ್ಕೆ ಅಂದಳು, ಇನ್ನೂ ಬಾಯಿಗೆ ಹಾಕಿರಲಿಲ್ಲ.

ಮೇ ಕೊನೆಯಲ್ಲಿ ತುಂಗಮ್ಮ ಅಂಗಡಿಗೆ ಬಂದರು. ಫ್ಲೆಕ್ಸಿನ ಬೆರಳುಗಳ ಮಾತೇ ಎತ್ತಲಿಲ್ಲ. ಒಂದು ಚೀಟಿ ಕೊಟ್ಟು, "ಇದನ್ನ ಬೋರ್ಡ್ ಮಾಡಿ ಕೊಡು. ಕೆಂಪಕ್ಷರ ಬೇಡ, ಯಾರ ಫೋಟೊನೂ ಬೇಡ" ಅಂದರು. ಚೀಟಿಯಲ್ಲಿ ಅವರ ಕೈಬರಹದಲ್ಲಿ ಒಂದೇ ಸಾಲಿತ್ತು: ಹಿಡಿದು ನೋಡಿ, ಕೈಗೆ ಸರಿಯಾದ ಕತ್ತಿ ತೆಗೆದುಕೊಳ್ಳಿ.

ಜೂನ್ ಮೊದಲ ವಾರ, ಕಳೆ ಕೆಲಸ ಶುರುವಾಗುವ ದಿನ, ತೋಟದ ಶೆಡ್ಡಿನ ಮುಂದೆ ಟಾರ್ಪಾಲು ಹಾಸಿ ಕತ್ತಿಗಳನ್ನೆಲ್ಲ ಹರಡಿದ್ದರು. ಬೋರ್ಡು ಕಟ್ಟಲೆಂದು ಅರ್ಚನಾ ಬಂದಿದ್ದಳು, ಜೊತೆಗೆ ದೇವೀರಮ್ಮನೂ ಬಂದಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಹಿಡಿದು ನೋಡಿ, ಗಾಳಿಯಲ್ಲಿ ಎರಡು ಸಲ ಬೀಸಿ, ತಮಗೆ ಬೇಕಾದ್ದು ತೆಗೆದುಕೊಂಡು ಹೋದರು. ಎಲ್ಲರೂ ಹೋದ ಮೇಲೂ ದೇವೀರಮ್ಮ ಟಾರ್ಪಾಲಿನ ಮೇಲೆ ಕೂತೇ ಇದ್ದಳು. ಒಂದು ಕತ್ತಿ ಎತ್ತುವಳು, ಕಣ್ಣು ಮುಚ್ಚುವಳು, ತಲೆಯಾಡಿಸಿ ಕೆಳಗಿಡುವಳು. ರೈಟರು ಗಡಿಯಾರ ನೋಡಿ ನೋಡಿ ಸಾಕಾದರು. ತುಂಗಮ್ಮ ಜೀಪಿನ ಪಕ್ಕ ನಿಂತು, ಅವಸರ ಮಾಡಬೇಡಿ ಎಂದು ಅವರಿಗೆ ಕೈಸನ್ನೆ ಮಾಡಿದರು.

ಕೊನೆಗೆ ಒಂದು ತೆಳು ಹಿಡಿಯ ಕತ್ತಿ ಅವಳ ಕೈಯಲ್ಲಿ ನಿಂತಿತು. ದೇವೀರಮ್ಮ ಅದನ್ನು ತುಂಬಾ ಹೊತ್ತು ಹಿಡಿದುಕೊಂಡಿದ್ದಳು.

ರೈಟರಿಗೆ ತಡೆಯಲಾಗಲಿಲ್ಲ. "ಅಲ್ಲಾ ದೇವೀರಮ್ಮ, ನೀನು ಕೆಲಸ ಬಿಟ್ಟು ಎರಡು ವರ್ಷ ಆಯ್ತಲ್ಲ. ನಿಂಗ್ಯಾಕೆ ಈಗ ಕತ್ತಿ?"

"ಕೆಲಸಕ್ಕಲ್ಲ ರೈಟ್ರೇ," ಅಂದಳು ದೇವೀರಮ್ಮ, ಏಳಲು ಮಗಳ ಕೈ ಹಿಡಿಯುತ್ತ. "ಆರಿಸೋದು ಒಂದು ಬಾಕಿ ಇತ್ತು."